ಬೀಗ ಒಂದೇ ಆಗಿರಬೇಕು

ರೋಬಸ್ಟಾ ಕೊಯ್ಲು ಜೋರಾಗಿದ್ದಾಗ ಕುಶಾಲನಗರದ ಕಡೆಯ ಒಂದು ಕಾಫಿ ಗೋದಾಮಿನಿಂದ ಫೋನ್ ಬಂತು. ದಾಸ್ತಾನಿನ ಲೆಕ್ಕ ಇಡುವ ಪ್ರೋಗ್ರಾಂ ಅನ್ನು ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟವನು ನಾನೇ. ಮಡಿಕೇರಿಯಿಂದ ಸುಂಟಿಕೊಪ್ಪ ದಾಟಿ ಇಳಿದು ಹೋದೆ. ಅಲ್ಲಿ ಲೆಕ್ಕ ಬರೆಯುವ ರೈಟರ್ ಪುಸ್ತಕ ಮುಂದಿಟ್ಟರು. "ನೋಡಿ ಸಾರ್, ಚೀಲ ಎಣಿಸಿದ್ರೆ ಮೂರು ಜಾಸ್ತಿ ಇದೆ. ಕಂಪ್ಯೂಟರ್ ಕಡಿಮೆ ತೋರಿಸ್ತಿದೆ."

ಅಲ್ಲಿ ಎರಡು ತೂಕದ ಯಂತ್ರ, ಎರಡಕ್ಕೂ ಒಂದೊಂದು ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ. ಬಂದ ತೂಕವನ್ನು ಒಟ್ಟು ಮೊತ್ತಕ್ಕೆ ಕೂಡಿಸುವುದಷ್ಟೇ ಅವುಗಳ ಕೆಲಸ. ಆದರೆ ಕೂಡಿಸುವುದು ನಮ್ಮ ಕಣ್ಣಿಗೆ ಒಂದೇ ಸಾಲು, ಯಂತ್ರಕ್ಕೆ ಮೂರು ಹೆಜ್ಜೆ: ಓದು, ಕೂಡಿಸು, ಬರೆ. ಮೊತ್ತ 4200 ಕೆಜಿ ಇದೆ ಎನ್ನಿ. ಮೊದಲ ಥ್ರೆಡ್ 4200 ಓದಿತು. ಅದು ಬರೆಯುವ ಮೊದಲೇ ಎರಡನೆಯದೂ 4200 ಓದಿತು. ಇಬ್ಬರೂ ಒಂದು ಚೀಲದ 50 ಕೆಜಿ ಕೂಡಿಸಿ 4250 ಎಂದೇ ಬರೆದರು. ಗೋದಾಮಿಗೆ ಬಂದದ್ದು ಎರಡು ಚೀಲ, ಲೆಕ್ಕಕ್ಕೆ ಸೇರಿದ್ದು ಒಂದು. ಪೈಥಾನ್‌ನಲ್ಲಿ ಜಿಐಎಲ್ ಎಂಬ ಒಳಗಿನ ತಡೆ ಇದೆಯಲ್ಲ, ಒಮ್ಮೆಗೆ ಒಂದೇ ಥ್ರೆಡ್ ಓಡುತ್ತೆ ಅಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಸಾಮಾನ್ಯ ಪೈಥಾನ್‌ನಲ್ಲಿ ಅದು ನಿಜ. ಆದರೆ ಓದಿಗೂ ಬರಹಕ್ಕೂ ನಡುವೆ ಸರದಿ ಬದಲಾಗಬಹುದು.

ಇದಕ್ಕೇ ಲಾಕ್, ಅಂದರೆ ಬೀಗ, ಇರುವುದು. ಒಂದು ಥ್ರೆಡ್ ಅದನ್ನು ಹಿಡಿದಿದ್ದರೆ, ಹಿಡಿಯಲು ಬಂದ ಇನ್ನೊಂದು ಅಲ್ಲೇ ನಿಲ್ಲುತ್ತದೆ. ಬಿಟ್ಟ ಮೇಲೆ ಒಳಗೆ ಹೋಗುತ್ತದೆ.

ನಾನು ಲಾಕ್ ಹಾಕಿದ್ದೆ! ಆದರೆ ಅದನ್ನು ತೂಕ ಕೂಡಿಸುವ ಫಂಕ್ಷನ್ನಿನ (ಕರೆದಾಗಲೆಲ್ಲ ಓಡುವ ಕೋಡಿನ ತುಣುಕಿನ) ಒಳಗೇ ಹುಟ್ಟಿಸಿದ್ದೆ. ಪ್ರತಿ ಸಲ ಕರೆದಾಗ ಹೊಸ ಲಾಕ್. ಎರಡೂ ಥ್ರೆಡ್‌ಗಳು ತಮ್ಮ ತಮ್ಮ ಲಾಕ್ ಹಿಡಿದು, ಯಾರಿಗೂ ಕಾಯದೆ ನುಗ್ಗುತ್ತಿದ್ದವು. ಲಾಕ್‌ಗೆ ತಾನು ಯಾವುದಕ್ಕೆ ಕಾವಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಮೊತ್ತವನ್ನು ಮುಟ್ಟುವವರೆಲ್ಲ ಅದೇ ಒಂದು ಲಾಕನ್ನು ಹಿಡಿಯಬೇಕು ಎನ್ನುವುದು ನಾವು ಮಾಡಿಕೊಂಡ ಒಪ್ಪಂದ. ರೈಟರ್ ಕೈಯಾರೆ ತಿದ್ದುಪಡಿ ಮಾಡುವ ಭಾಗಕ್ಕೂ ಇದು ಅನ್ವಯಿಸುತ್ತದೆ. ಅಲ್ಲಿ ನಾನು ಲಾಕ್ ಹಾಕುವುದನ್ನೇ ಮರೆತಿದ್ದೆ.

ಲಾಕನ್ನು ಹೊರಗೆ ಒಂದೇ ಸಲ ಹುಟ್ಟಿಸಿ ಎಲ್ಲರಿಗೂ ಅದನ್ನೇ ಕೊಟ್ಟೆ. ಅದನ್ನು ಹಿಡಿಯಲು ಪೈಥಾನ್‌ನ 'ವಿತ್' (with) ಎಂಬ ಪದ ಬಳಸಿದೆ, ನಡುವೆ ಎರರ್ ಬಂದರೂ ಲಾಕ್ ತಾನಾಗಿ ಬಿಡುಗಡೆ ಆಗುತ್ತದೆ. ಇಲ್ಲದಿದ್ದರೆ ಇನ್ನೊಂದು ಯಂತ್ರದ ಥ್ರೆಡ್ ಕಾಯುತ್ತಲೇ ಇರಬೇಕಾಗುತ್ತಿತ್ತು.

ಆಮೇಲೆ ಇನ್ನೊಂದು ತೊಂದರೆ ಕಂಡಿತು. ಚೀಟಿ ಪ್ರಿಂಟ್ ಮಾಡುವ ಸಾಲೂ ಲಾಕ್‌ನ ಒಳಗಿತ್ತು. ಹಳೆಯ ಪ್ರಿಂಟರ್, ನಿಧಾನ. ಅದು ಮುಗಿಯುವವರೆಗೆ ಪಕ್ಕದ ಯಂತ್ರದ ಹತ್ತಿರ ಚೀಲ ಹೊತ್ತವರು ಸುಮ್ನೆ ನಿಲ್ಲಬೇಕಿತ್ತು. ಐವತ್ತು ಕೆಜಿ ಬೆನ್ನ ಮೇಲಿದ್ದಾಗ ಎರಡು ಸೆಕೆಂಡೂ ಜಾಸ್ತಿಯೇ. ಹೊಸ ಮೊತ್ತವನ್ನು ಲಾಕ್ ಒಳಗೆ ಬೇರೆ ಹೆಸರಿಗೆ ಎತ್ತಿಟ್ಟುಕೊಂಡು, ಪ್ರಿಂಟ್ ಹೊರಗೆ ಮಾಡಿಸಿದೆ.

ಹೊರಡುವ ಮುಂಚೆ ಪರೀಕ್ಷೆ ಮಾಡಿದೆ. ಓದು ಮತ್ತು ಬರಹದ ನಡುವೆ ಬೇಕೆಂದೇ ಚೂರು ವಿರಾಮ ಸೇರಿಸಿ, ಎರಡು ಥ್ರೆಡ್‌ಗಳಿಂದ ತಲಾ ಸಾವಿರ ಸಲ 50 ಕೂಡಿಸಿದೆ. ಹಳೆಯ ಕೋಡ್ ಪ್ರತಿ ಸಲ ಕಡಿಮೆಯೇ ತೋರಿಸಿತು. ಹೊಸದನ್ನು ಓಡಿಸುವಾಗ ರೈಟರ್ ಪಕ್ಕದಲ್ಲೇ ನಿಂತಿದ್ದರು. ಪರದೆಯ ಮೇಲೆ 1,00,000 ಬಂತು. "ಇನ್ನೊಂದ್ಸಲ ಓಡ್ಸಿ ಸಾರ್," ಅಂದರು. ಓಡಿಸಿದೆ.