ಕೋಲ್ಡ್ ಏರ್ ಇನ್‌ಟೇಕ್ ಅಂದರೇನು? ಕೊಳ್ಳುವ ಮೊದಲು ಅದರ ಬಾಯಿ ಎಲ್ಲಿದೆ ನೋಡಿ

ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೋದ ವರ್ಷ ಒಂದು ಹಳೇ ಮಜ್ದಾ ಮಿಯಾಟಾ ಕೊಂಡ. 1.6 ಲೀಟರ್ ಎಂಜಿನ್ನಿನ ಮೊದಲ ತಲೆಮಾರಿನ ಗಾಡಿ. ಎರಡೇ ಸೀಟು, ತೆರೆಯುವ ಟಾಪು. ತಿಂಗಳು ತುಂಬುವ ಮೊದಲೇ ಫೋನ್ ಬಂತು. "ಅಣ್ಣ, ಮೂರು ಇನ್‌ಟೇಕ್ ನೋಡಿಟ್ಟಿದ್ದೀನಿ. ಮೂರರ ಮೇಲೂ ಕೋಲ್ಡ್ ಏರ್ ಅಂತಾನೇ ಬರೆದಿದೆ. ಯಾವ್ದು ತಗೊಳ್ಳಲಿ?"

ಫೋಟೋ ಕಳಿಸು ಅಂದೆ. ನೋಡಿದರೆ ಮೂರರಲ್ಲಿ ಎರಡಕ್ಕೆ ಆ ಹೆಸರೇ ಸಲ್ಲುವುದಿಲ್ಲ. ಈ ಪದವನ್ನು ಅಂಗಡಿಯವರು ತುಂಬಾ ಸಡಿಲವಾಗಿ ಬಳಸುತ್ತಾರೆ. ಅದಕ್ಕೇ ಅದರ ನಿಜವಾದ ಅರ್ಥ ಬರೆದಿಡೋಣ ಅನ್ನಿಸಿತು.

ಇನ್‌ಟೇಕ್ ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿ. ಹೊರಗೆ ಒಂದು ಬಾಯಿ, ಆಮೇಲೆ ಫಿಲ್ಟರ್ ಇರುವ ಪೆಟ್ಟಿಗೆ, ಗಾಳಿ ಅಳೆಯುವ ಸೆನ್ಸರ್, ಒಂದು ಪೈಪು, ಕೊನೆಗೆ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್. ಸೌದೆ ಒಲೆ ನೋಡಿದವರಿಗೆ ಇದರ ಮಹತ್ವ ಹೇಳಬೇಕಿಲ್ಲ. ಒಲೆಯಲ್ಲಿ ಸೌದೆ ಎಷ್ಟೇ ತುರುಕಿ, ಊದುಗೊಳವೆಯಲ್ಲಿ ಊದುವವರೆಗೆ ಉರಿ ಏಳುವುದಿಲ್ಲ. ಎಂಜಿನ್ನಿನಲ್ಲೂ ಹಾಗೇ. ಪೆಟ್ರೋಲ್ ಜಾಸ್ತಿ ಸುರಿಯುವುದು ಸುಲಭ. ಕಷ್ಟ ಇರುವುದು ಗಾಳಿ ತುಂಬಿಸುವುದರಲ್ಲಿ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು.

ಎಷ್ಟು ಗಾಳಿ ಅಂತ ಒಂದು ಅಂದಾಜು ಮಾಡೋಣ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಅಳತೆಯಷ್ಟು ಗಾಳಿ ಎಳೆಯುತ್ತದೆ. 1.6 ಲೀಟರ್ ಎಂಜಿನ್ನು 7000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 7000 ಸುತ್ತು) ಓಡುವಾಗ ಅದು ನಿಮಿಷಕ್ಕೆ 5600 ಲೀಟರ್. ಅಂದರೆ ಸೆಕೆಂಡಿಗೆ 93 ಲೀಟರ್. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅಂಥ ನಾಲ್ಕೂವರೆ ಕ್ಯಾನಿನಷ್ಟು ಗಾಳಿ ಪ್ರತಿ ಸೆಕೆಂಡಿಗೂ ಆ ಪೈಪಿನಲ್ಲಿ ಹೋಗಬೇಕು. ಹಾಗಾಗಿ ದಾರಿ ಹೇಗಿದೆ ಅನ್ನುವುದು ಮುಖ್ಯವೇ. ಆದರೆ ಹೆಸರಿನಲ್ಲಿ ಮೊದಲು ಬರುವ ಪದ ದಾರಿಯದ್ದಲ್ಲ, ತಂಪಿನದು.

ಇಲ್ಲಿ ಕೋಲ್ಡ್ ಅಂದರೆ ಫ್ರಿಜ್ಜಿನ ತಂಪಲ್ಲ. ಬಾನೆಟ್ಟಿನ ಹೊರಗಿನ ಗಾಳಿ, ಅಷ್ಟೇ. ಬಾನೆಟ್ಟಿನೊಳಗೆ ರೇಡಿಯೇಟರ್ ಮತ್ತು ಎಕ್ಸಾಸ್ಟ್ ಪೈಪು ಸೇರಿ ಗಾಳಿಯನ್ನು ಕಾಯಿಸಿಟ್ಟಿರುತ್ತವೆ. ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತೆಳುವಾಗುತ್ತದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕೆಜಿ ತೂಗುತ್ತದೆ. 60 ಡಿಗ್ರಿಯಲ್ಲಿ ಅದೇ ಗಾಳಿ 1.06 ಕೆಜಿ. ಎಂಜಿನ್ ಎಳೆಯುವ ಲೀಟರ್ ಲೆಕ್ಕ ಬದಲಾಗುವುದಿಲ್ಲ, ಆದರೆ ಆ ಲೀಟರಿನೊಳಗಿನ ಗಾಳಿಯ ತೂಕ ಶೇಕಡಾ 9ರಷ್ಟು ಇಳಿಯುತ್ತದೆ. ಗಾಳಿ ಕಡಿಮೆಯಾದರೆ ಸೇರುವ ಪೆಟ್ರೋಲೂ ಕಡಿಮೆ, ಹೊರಬರುವ ಶಕ್ತಿಯೂ ಕಡಿಮೆ. ಸಾಲದ್ದಕ್ಕೆ ಬಿಸಿ ಗಾಳಿಯಲ್ಲಿ ಎಂಜಿನ್ ನಾಕ್ ಆಗುವ, ಅಂದರೆ ಪೆಟ್ರೋಲ್ ಹೊತ್ತು ತಪ್ಪಿ ತಾನಾಗಿ ಹೊತ್ತಿ ಟಕಟಕ ಸದ್ದು ಬರುವ ಸಂಭವ ಜಾಸ್ತಿ.

ನಮ್ಮೂರಿನ ಉದಾಹರಣೆ ಬೇಕಾ? ಮಂಗಳೂರಿನಿಂದ ಘಾಟ್ ಹತ್ತಿ ಬೆಂಗಳೂರಿಗೆ ಬನ್ನಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು ಶೇಕಡಾ 10 ಕಡಿಮೆ. ಟರ್ಬೋ ಇಲ್ಲದ ಗಾಡಿ ಓಡಿಸುವವರಿಗೆ ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಬಾನೆಟ್ಟಿನೊಳಗಿನ ಬಿಸಿ ಗಾಳಿ ಕುಡಿಸುವುದು ಅಂದರೆ ಗಾಡಿಯನ್ನು ನಿಂತಲ್ಲೇ ಘಾಟ್ ಹತ್ತಿಸಿದ ಹಾಗೆ.

ಈಗ ಆ ಮೂರು ಫೋಟೋಗಳಿಗೆ ಬರೋಣ. ಒಂದು ಬರೀ ಫಿಲ್ಟರ್. ಕಂಪನಿಯ ಪೆಟ್ಟಿಗೆಯಲ್ಲೇ ಕಾಗದದ ಫಿಲ್ಟರ್ ತೆಗೆದು ಕೂರಿಸುವ ಹತ್ತಿ ಬಟ್ಟೆಯದು. ಇದನ್ನು ಡ್ರಾಪ್ ಇನ್ ಅನ್ನುತ್ತಾರೆ. ಇನ್ನೊಂದು ಪೆಟ್ಟಿಗೆಯನ್ನೇ ಕಿತ್ತುಹಾಕಿ, ಗಿಡ್ಡ ಪೈಪಿನ ತುದಿಗೆ ಕೋನ್ ಆಕಾರದ ಫಿಲ್ಟರ್ ಸಿಕ್ಕಿಸುವ ಸೆಟ್. ಇದರ ಸರಿಯಾದ ಹೆಸರು ಶಾರ್ಟ್ ರ‍್ಯಾಮ್. ನಮ್ಮ ಗ್ಯಾರೇಜುಗಳಲ್ಲಿ ಓಪನ್ ಫಿಲ್ಟರ್ ಅಂತಾರೆ. ಫಿಲ್ಟರ್ ಬಾನೆಟ್ಟಿನೊಳಗೇ ಬಯಲಾಗಿ ಕೂತಿರುತ್ತದೆ. ಮೂರನೆಯದರಲ್ಲಿ ಮಾತ್ರ ಫಿಲ್ಟರ್ ಸುತ್ತ ಮುಚ್ಚಿದ ಪೆಟ್ಟಿಗೆ ಇತ್ತು, ಅದರಿಂದ ಒಂದು ಕೊಳವೆ ಬಂಪರ್ ಕಡೆಗೆ ಹೋಗಿತ್ತು. ಕೋಲ್ಡ್ ಏರ್ ಇನ್‌ಟೇಕ್ ಅನ್ನುವ ಹೆಸರು ನಿಜವಾಗಿ ಸಲ್ಲುವುದು ಅದಕ್ಕೊಂದಕ್ಕೇ. ಪೈಪು ಅಲ್ಯೂಮಿನಿಯಮ್ಮೋ ಕಾರ್ಬನ್ನೋ, ಫಿಲ್ಟರ್ ಕೆಂಪೋ ನೀಲಿಯೋ, ಇವುಗಳಿಂದ ಆ ಹೆಸರು ಬರುವುದಿಲ್ಲ. ಬಾಯಿ ಎಲ್ಲಿದೆ ಅನ್ನುವುದರಿಂದ ಬರುತ್ತದೆ.

ಓಪನ್ ಫಿಲ್ಟರಿನ ತೊಂದರೆ ಹೆದ್ದಾರಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಓಡುವ ಗಾಡಿಯಲ್ಲಿ ಬಾನೆಟ್ಟಿನೊಳಗೂ ಹೊಸ ಗಾಳಿ ನುಗ್ಗುತ್ತಿರುತ್ತದೆ. ಸಿಗ್ನಲ್ಲಿನಲ್ಲಿ ಮೂರು ನಿಮಿಷ ನಿಂತು ಹೊರಟು ನೋಡಿ, ಆಗ ತಿಳಿಯುತ್ತದೆ. ಅಷ್ಟರಲ್ಲಿ ಒಳಗಿನ ಗಾಳಿ ಕಾದು, ಪೈಪೂ ಕಾದು, ಮೊದಲ ಕೆಲವು ನೂರು ಮೀಟರ್ ಗಾಡಿ ಮಂಕಾಗಿ ಎಳೆಯುತ್ತದೆ. ಇದಕ್ಕೆ ಹೀಟ್ ಸೋಕ್ ಅಂತ ಹೆಸರು. ಹಳೇ 1.6 ಮಿಯಾಟಾದಲ್ಲಂತೂ ಗಾಳಿ ಪೆಟ್ಟಿಗೆ ಎಕ್ಸಾಸ್ಟ್ ಇರುವ ಕಡೆಯೇ ಇದೆ. ಥ್ರಾಟಲ್ ಇರುವುದು ಇನ್ನೊಂದು ಕಡೆ, ಹಾಗಾಗಿ ಪೈಪು ರೇಡಿಯೇಟರಿನ ಹಿಂದೆಯೇ ಅಡ್ಡ ಹಾದು ಹೋಗಬೇಕು. ಅಲ್ಲಿ ಪೆಟ್ಟಿಗೆ ತೆಗೆದು ಫಿಲ್ಟರನ್ನು ಬಯಲಿಗಿಡುವುದು ನನಗೆ ಸರಿ ಕಾಣುವುದಿಲ್ಲ.

ರ‍್ಯಾಮ್ ಏರ್ ಅನ್ನುವ ಇನ್ನೊಂದು ಪದವೂ ಇದರ ಜೊತೆ ಓಡಾಡುತ್ತದೆ. ಗಾಡಿಯ ವೇಗಕ್ಕೆ ಗಾಳಿ ತಾನೇ ಒಳಗೆ ತಳ್ಳಿಕೊಂಡು ಬರುತ್ತದೆ ಅನ್ನುವ ಮಾತು. 100 ಕಿಮೀ ವೇಗದಲ್ಲಿ ಆ ತಳ್ಳುವಿಕೆ ವಾತಾವರಣದ ಒತ್ತಡದ ಶೇಕಡಾ ಅರ್ಧದಷ್ಟೂ ಆಗುವುದಿಲ್ಲ. 200ರಲ್ಲೂ ಶೇಕಡಾ 2ರೊಳಗೇ. ಅದಕ್ಕಾಗಿ ದುಡ್ಡು ಕೊಡಬೇಡಿ.

ಒಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಕಂಪನಿಯಿಂದ ಬಂದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಇದೆಯಲ್ಲ, ಬಹುತೇಕ ಗಾಡಿಗಳಲ್ಲಿ ಅದರ ಬಾಯಿ ಇರುವುದು ಗ್ರಿಲ್ಲಿನ ಹತ್ತಿರವೋ ಹೆಡ್‌ಲೈಟ್ ಪಕ್ಕವೋ. ಅಂದರೆ ಅದು ಆಗಲೇ ಕೋಲ್ಡ್ ಏರ್ ಇನ್‌ಟೇಕ್! ಪ್ಲಾಸ್ಟಿಕ್ ಬೇಗ ಕಾಯುವುದೂ ಇಲ್ಲ. ಪೈಪಿಗೆ ಅಂಟಿಕೊಂಡ ಡಬ್ಬಿಗಳನ್ನು ನೋಡಿ ಇದು ಅಡ್ಡಿ ಅಂದುಕೊಳ್ಳುತ್ತಾರೆ. ಅವು ರೆಸೊನೇಟರುಗಳು. ಅವುಗಳ ಮುಖ್ಯ ಕೆಲಸ ಎಳೆತದ ಸದ್ದು ಅಡಗಿಸುವುದು.

ಇನ್ನು ಅಳತೆಯ ಮಾತು. ಇದರಲ್ಲಿ ತಪ್ಪಿದರೆ ಎಂಜಿನ್ನಿಗೇ ಪೆಟ್ಟು. 1.6 ಮಿಯಾಟಾದಲ್ಲಿ ಗಾಳಿ ಅಳೆಯಲು ಒಂದು ಸ್ಪ್ರಿಂಗ್ ಬಾಗಿಲಿದೆ. ಗಾಳಿ ಅದನ್ನು ಎಷ್ಟು ತಳ್ಳುತ್ತದೋ ಅದರ ಮೇಲೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಲೆಕ್ಕ ಹಾಕುತ್ತದೆ. ಗಾಳಿಗೆ ದೊಡ್ಡ ಅಡ್ಡಿ ಈ ಬಾಗಿಲೇ. ಅದರ ಮುಂದೆ ಎಂಥ ಫಿಲ್ಟರ್ ಇಟ್ಟರೂ ಬಾಗಿಲು ಅಲ್ಲೇ ಇರುತ್ತದೆ, ಅಲ್ವಾ? ಅಮೆರಿಕದಲ್ಲಿ 1994ರ ಮಾಡೆಲ್ಲಿನಿಂದ ಬಂದ 1.8 ಎಂಜಿನ್ನಿನಲ್ಲಿ, ಇವತ್ತಿನ ಹೆಚ್ಚಿನ ಗಾಡಿಗಳ ಹಾಗೆ, ಬಿಸಿ ತಂತಿಯಿಂದ ಗಾಳಿ ಅಳೆಯುವ ಮಾಫ್ ಸೆನ್ಸರ್ ಇದೆ. ಅದು ಪೈಪಿನ ಒಂದು ಜಾಗದಲ್ಲಿ ಗಾಳಿ ಎಷ್ಟು ಜೋರಾಗಿ ಹರಿಯುತ್ತಿದೆ ಅಂತ ನೋಡಿ ಒಟ್ಟು ಗಾಳಿಯನ್ನು ಅಂದಾಜು ಮಾಡುತ್ತದೆ. ಆ ಅಂದಾಜು ಕಂಪನಿ ಪೈಪಿನ ಅಗಲಕ್ಕೆ ಮಾಡಿದ್ದು. ಸೆನ್ಸರ್ ಕೂರುವ ಜಾಗದಲ್ಲಿ ಹೊಸ ಪೈಪು ಅಗಲವಾಗಿದ್ದರೆ ಗಾಳಿ ನಿಧಾನಕ್ಕೆ ಹರಿಯುತ್ತದೆ, ಸೆನ್ಸರ್ ಕಡಿಮೆ ಓದುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಒಂದು ಮಿತಿಯವರೆಗೆ ಇಸಿಯು ಸರಿದೂಗಿಸುತ್ತದೆ. ಆಮೇಲೆ ಚೆಕ್ ಎಂಜಿನ್ ಲೈಟು ಹೊತ್ತಿ ಪಿ0171 ಅನ್ನುವ ಕೋಡ್ ಬರುತ್ತದೆ, ಅಂದರೆ ಮಿಶ್ರಣ ತೆಳುವಾಗಿದೆ ಅಂತ. ಕೊಳ್ಳುವ ಮೊದಲು ಸೆನ್ಸರ್ ಕೂರುವ ಜಾಗದ ಒಳ ಅಗಲ ಕೇಳಿ. ಕಂಪನಿಯದ್ದಕ್ಕೆ ಸಮ ಇರಬೇಕು, ಇಲ್ಲವೇ ಆ ಸೆಟ್‌ಗೆ ತಕ್ಕ ಟ್ಯೂನ್ (ಇಸಿಯುವಿನ ಹೊಸ ಲೆಕ್ಕ) ಜೊತೆಗೇ ಸಿಗಬೇಕು.

ಹಾಗಾದರೆ ನಿಮ್ಮ ಗಾಡಿಯ ದಾರಿಯಲ್ಲಿ ಅಡ್ಡಿ ಎಷ್ಟಿದೆ? ಇದನ್ನು ಮನೆಯಲ್ಲೇ ಅಳೆಯಬಹುದು. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಪಾರದರ್ಶಕ ಸಣ್ಣ ಪೈಪನ್ನು ಯು ಆಕಾರದಲ್ಲಿ ಉದ್ದನೆಯ ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿಸಿ. ಒಂದು ತುದಿಯನ್ನು ಫಿಲ್ಟರ್ ಆದಮೇಲಿನ ಪೈಪಿಗೆ ಸೇರಿಸಿ. ಇನ್ನೊಂದು ತುದಿ ಬಯಲಿಗೆ. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಎಳೆಯಿರಿ, ಪಕ್ಕದಲ್ಲಿ ಕೂತವರು ನೀರಿನ ಎರಡು ಮಟ್ಟಗಳ ಅಂತರ ನೋಡಲಿ. 10 ಸೆಂಟಿಮೀಟರ್ ಅಂತರ ಅಂದರೆ ವಾತಾವರಣದ ಒತ್ತಡದ ಸುಮಾರು ಶೇಕಡಾ 1. ಮಿಯಾಟಾದ 115 ಎಚ್‌ಪಿಯಲ್ಲಿ ಅದು ಹೆಚ್ಚುಕಡಿಮೆ ಒಂದು ಎಚ್‌ಪಿ. ಜಗತ್ತಿನ ಅತ್ಯುತ್ತಮ ಫಿಲ್ಟರ್ ಹಾಕಿದರೂ ಅಡ್ಡಿ ಕಡಿಮೆಯಾಗಿ ಸಿಗುವ ಲಾಭ ಆ ಅಂತರಕ್ಕಿಂತ ಜಾಸ್ತಿ ಆಗಲಾರದು. ಹಲಗೆ ಒಂದೂವರೆ ಮೀಟರ್ ಎತ್ತರ ಇರಲಿ, ನೀರು ಎಂಜಿನ್ನಿಗೆ ಹೋಗಬಾರದು. ಕೆಲಸ ಮುಗಿದಮೇಲೆ ತೂತನ್ನು ಭದ್ರವಾಗಿ ಮುಚ್ಚಿ.

ಅಂಗಡಿಯವರು ತೋರಿಸುವ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಗ್ರಾಫನ್ನು ಹುಷಾರಾಗಿ ನೋಡಿ. ಬಾನೆಟ್ ತೆರೆದು, ಮುಂದೆ ದೊಡ್ಡ ಫ್ಯಾನ್ ಇಟ್ಟು ಓಡಿಸಿದರೆ ಓಪನ್ ಫಿಲ್ಟರ್ ಕೋಣೆಯ ತಂಪು ಗಾಳಿ ಕುಡಿಯುತ್ತದೆ. ನೀವು ರಸ್ತೆಯಲ್ಲಿ ಬಾನೆಟ್ ತೆರೆದು ಓಡಿಸುವುದಿಲ್ಲ.

ಫಿಲ್ಟರಿನ ಮೊದಲ ಕೆಲಸ ಧೂಳು ತಡೆಯುವುದು ಅನ್ನುವುದೂ ನೆನಪಿರಲಿ. ಮಣ್ಣಿನ ಧೂಳಿನಲ್ಲಿರುವ ಮರಳಿನ ಕಣ ಸಿಲಿಂಡರನ್ನು ಉಜ್ಜಿ ಸವೆಸುತ್ತದೆ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು, ಆದರೆ ಎಣ್ಣೆ ಜಾಸ್ತಿಯಾದರೆ ಅದು ಮಾಫ್ ಸೆನ್ಸರಿನ ತಂತಿಗೆ ಅಂಟಬಹುದು. ನಮ್ಮ ಬಯಲುಸೀಮೆಯ ರಸ್ತೆಗಳಲ್ಲಿ ಸ್ವಿಫ್ಟೋ ಪೋಲೋವೋ ಓಡಿಸುವವರಿಗೆ ನಾನು ಒಳ್ಳೆಯ ಕಾಗದದ ಫಿಲ್ಟರನ್ನೇ ಹೇಳುತ್ತೇನೆ. ಬಾಯಿಯನ್ನು ತೀರಾ ಕೆಳಗೆ ಬಂಪರಿನೊಳಗೆ ಇಳಿಸುವ ಸೆಟ್‌ಗಳಿಗೆ ಇನ್ನೊಂದು ಅಪಾಯವಿದೆ. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ನೀರು ನಿಂತಾಗ ಫಿಲ್ಟರ್ ಮುಳುಗಿದರೆ ಎಂಜಿನ್ ನೀರು ಎಳೆಯುತ್ತದೆ. ನೀರನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಾರಣವನ್ನು ನಾನು ಮನಸಾರೆ ಒಪ್ಪುತ್ತೇನೆ, ಅದು ಸದ್ದು. ಸಣ್ಣ ಸ್ಪೋರ್ಟ್ಸ್ ಕಾರಿನಲ್ಲಿ ಟಾಪು ತೆರೆದು ಹೋಗುವಾಗ ಎಂಜಿನ್ ಗಾಳಿ ಎಳೆಯುವ ಆ ಗದರಿಕೆ ಕೇಳುವುದು ದೊಡ್ಡ ಖುಷಿ. ಮಜ್ದಾದವರಿಗೂ ಇದು ಗೊತ್ತು. ಮೂರನೇ ತಲೆಮಾರಿನ ಎಂಎಕ್ಸ್-5ಕ್ಕೆ (ಮಿಯಾಟಾದ ಇನ್ನೊಂದು ಹೆಸರು) ಇನ್‌ಟೇಕಿನ ಸದ್ದನ್ನು ಚಾಲಕನ ಕಡೆಗೆ ಸಾಗಿಸುವ ಒಂದು ಕೊಳವೆಯನ್ನೇ ಅವರು ಜೋಡಿಸಿದರು. ಟೊಯೋಟಾ 86ರಲ್ಲೂ ಅಂಥದ್ದಿದೆ. ಸದ್ದಿಗಾಗಿ ಕೊಳ್ಳುವವರು ಸದ್ದಿಗಾಗಿ ಅಂತಲೇ ಕೊಳ್ಳಲಿ. ಫಿಲ್ಟರ್ ಸುತ್ತ ಒಂದು ಗೋಡೆ ಇರಲಿ, ಬಾಯಿ ಹೊರಗಿರಲಿ, ಅಷ್ಟು ಸಾಕು.

ತಮ್ಮನ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕಂಪನಿಯದ್ದಲ್ಲದ ಇನ್‌ಟೇಕ್ ಹಾಕಿದರೆ ಅದಕ್ಕೆ ಗಾಳಿ ಮಾಲಿನ್ಯ ನೋಡಿಕೊಳ್ಳುವ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಎಕ್ಸಿಕ್ಯುಟಿವ್ ಆರ್ಡರ್ (ಒಪ್ಪಿಗೆ) ನಂಬರ್ ಇರಬೇಕು. ಅದು ಅವನದೇ ಮಾಡೆಲ್ ವರ್ಷಕ್ಕೆ ಅನ್ವಯಿಸಬೇಕು. ಇಲ್ಲದಿದ್ದರೆ ಹೊಗೆ ತಪಾಸಣೆಯ ಸ್ಮಾಗ್ ಚೆಕ್‌ನಲ್ಲಿ ಬಾನೆಟ್ ತೆರೆದು ಕಣ್ಣಲ್ಲಿ ನೋಡುವ ಹಂತದಲ್ಲೇ ಫೇಲ್. ಬಂಪರ್ ಕಡೆ ಬಾಯಿ ಇದ್ದ ಸೆಟ್‌ಗೆ ಆ ನಂಬರ್ ಇರಲಿಲ್ಲ.

ಒಂದು ಶನಿವಾರ ನೀರಿನ ಪೈಪು ಕಟ್ಟಿ ಅವನು ಎರಡು ಸಲ ಅಳೆದ. ಫಿಲ್ಟರ್ ಆದಮೇಲೆ ನೀರು ಸರಿದದ್ದು ಬರೀ ಕೆಲವು ಬೆರಳಷ್ಟು. ಸ್ಪ್ರಿಂಗ್ ಬಾಗಿಲು ದಾಟಿದ ಮೇಲೆ ಅದಕ್ಕಿಂತ ಬಹಳ ಜಾಸ್ತಿ. ಪೆಟ್ಟಿಗೆಯ ಮುಚ್ಚಳದ ಹಳೇ ರಬ್ಬರ್ ಒಡೆದು, ಅಲ್ಲಿಂದ ಎಕ್ಸಾಸ್ಟ್ ಕಡೆಯ ಬಿಸಿ ಗಾಳಿ ಒಳಗೆ ಹೋಗುತ್ತಿದ್ದದ್ದೂ ಆಗಲೇ ಕಣ್ಣಿಗೆ ಬಿತ್ತು. ಹೊಸ ರಬ್ಬರ್, ಹೊಸ ಕಾಗದದ ಫಿಲ್ಟರ್ ಹಾಕಿದ. ಉಳಿದ ದುಡ್ಡಿಗೆ ನಾಲ್ಕು ಒಳ್ಳೆಯ ಟೈರ್ ತಂದ. "ಅಣ್ಣ, ಈಗ ತಿರುವಿನಲ್ಲಿ ಓಡಿಸಿ ನೋಡ್ಬೇಕು ನೀನು" ಅಂತ ಮೆಸೇಜ್ ಹಾಕಿದ್ದಾನೆ.