ದಪ್ಪ ರಬ್ಬರ್ ಹಾಕಿದರೆ ಧೂಳು ನಿಲ್ಲುತ್ತದೆಯೇ?

ಪ್ರಶ್ನೆ: "ನಮ್ಮನ್ಯಾಗ ಹಳೀ ಅಂಬಾಸಿಡರ್ ಅದರೀ. ಬಾಗಲದ ರಬ್ಬರ್ ಎಲ್ಲಾ ಒಣಗಿ ಕಟ್ಟಿಗಿ ಆಗ್ಯಾವ. ಜೇವರ್ಗಿಗಿ ಹೋಗಿ ಬರದ್ರಾಗ ಸೀಟಿನ ಮ್ಯಾಲ ಬೆರಳಲೆ ಹೆಸರು ಬರೀಬಹುದು, ಅಷ್ಟು ಧೂಳು ಬರ್ಲತ್ತದ. ಅಂಗಡ್ಯಾಂವ ದಪ್ಪಂದು ಹಾಕಸ್ರಿ ಅಂತಾನ. ಹಾಕಸ್ಲೇನ್ರಿ? ಎಷ್ಟು ಮೀಟರ್ ಬೇಕಾಗ್ತದ?"

ದಪ್ಪಂದು ಬೇಡ. ಮೀಟರಿನ ಲೆಕ್ಕ ಆಮೇಲೆ.

ತೊಗರಿ ರಾಶಿ ಮುಗಿದು, ಹೊಲದ ದಾರಿಯ ಎರೆಮಣ್ಣು ಹಿಟ್ಟಾಗುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಗಾಡಿ ಮಾತ್ರ ಬೇರೆ: ಒಮ್ಮೆ ಅಂಬಾಸಿಡರ್, ಒಮ್ಮೆ ಪದ್ಮಿನಿ, ಒಮ್ಮೆ ಮೊದಲ ಕಾಲದ ಮಾರುತಿ 800. ಉತ್ತರ ಅದೇ. ಆದರೂ "ಸ್ವಲ್ಪ ದಪ್ಪ ಇದ್ರ ಏನಾಗ್ತದ ಬಿಡ್ರಿ" ಎಂಬ ಮಾತು ಸಾಯುವುದಿಲ್ಲ. ಏನಾಗುತ್ತದೆ ಅಂತ ಈ ಸಲ ಬಿಡಿಸಿಯೇ ಹೇಳೋಣ.

ರಬ್ಬರ್ ದಪ್ಪವಿದ್ದಷ್ಟೂ ಬಿಗಿ ಎನ್ನುವುದು ಬಾಟಲಿಯ ಬಿರಡೆಗೆ ನಿಜ. ಬಿರಡೆ ಸುತ್ತಲೂ ಒಂದೇ ಸಮ ಕೂರುತ್ತದೆ. ಬಾಗಿಲು ಹಾಗಲ್ಲ, ಒಂದು ಅಂಚು ಹಿಂಜಿಗೆ ಕಟ್ಟಿಬಿದ್ದಿದೆ. ಅಡಕೊತ್ತು ಹಿಡಿದವರಿಗೆ ಇದು ಗೊತ್ತು. ಅಡಿಕೆ ತುದಿಯಲ್ಲಿದ್ದರೆ ಕೈ ನೋಯುತ್ತದೆ, ಅಡಿಕೆ ಒಡೆಯುವುದಿಲ್ಲ; ಕೀಲಿನ ಹತ್ತಿರ ಸರಿಸಿದರೆ ಸ್ವಲ್ಪ ಒತ್ತಿದರೂ ಎರಡು ಹೋಳು. ಬಾಗಿಲು ಹಾಕುವಾಗ ಹಿಂಜಿನ ಬದಿಯ ದಪ್ಪ ರಬ್ಬರ್ ಆ ಅಡಿಕೆಯ ಜಾಗದಲ್ಲಿ ಕೂತಿರುತ್ತದೆ. ಲಾಕಿನ ಬದಿ ಇನ್ನೂ ಒಂದು ಗೇಣು ದೂರ ಇರುವಾಗಲೇ ಅದು ಸಿಕ್ಕಿಕೊಳ್ಳುತ್ತದೆ. ನೀವು ಜೋರಾಗಿ ತಳ್ಳುತ್ತೀರಿ. ರಬ್ಬರ್ ಒಡೆಯುವ ವಸ್ತುವಲ್ಲ. ಸೋಲುವುದು ಹಿಂಜಿನ ಪಿನ್ನು, ಅದರ ಸ್ಕ್ರೂ, ಅದನ್ನು ಹಿಡಿದ ತಗಡು.

ಇನ್ನು ಒತ್ತಡದ ಲೆಕ್ಕ. ಬಾಗಿಲ ರಬ್ಬರಿನ ಮುಖ್ಯ ಭಾಗ ನಡುವೆ ಟೊಳ್ಳಿರುವ ಸ್ಪಂಜಿನ ಕೊಳವೆ. ಮೂರನೇ ಒಂದು ಭಾಗದಿಂದ ಅರ್ಧದಷ್ಟು ಅಮುಕಿದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಾಗಿಲಿಗೂ ಚೌಕಟ್ಟಿಗೂ 8 ಮಿ.ಮೀ. ಸಂದು ಇದ್ದರೆ 12 ಮಿ.ಮೀ. ಕೊಳವೆ ಸಾಕು, ಅದು 4 ಮಿ.ಮೀ. ಅಮುಕಿ ಕೂರುತ್ತದೆ. ಅದೇ ಸಂದಿಗೆ 20 ಮಿ.ಮೀ. ಹಾಕಿದರೆ? 12 ಮಿ.ಮೀ. ಅಮುಕಬೇಕು. ಆಗ ಕೊಳವೆಯ ಎರಡು ಗೋಡೆ ಒಂದಕ್ಕೊಂದು ಅಂಟಿ ಟೊಳ್ಳೇ ಉಳಿಯುವುದಿಲ್ಲ. ಸ್ಪಂಜು ಹೋಗಿ ಟೈರಿನ ತುಂಡು ಇಟ್ಟಂತೆ. ಅಲ್ಲಿಂದ ಮುಂದೆ ಒಂದೊಂದು ಮಿಲಿಮೀಟರಿಗೂ ಬೇಕಾಗುವ ಬಲ ಏಕಾಏಕಿ ಏರುತ್ತದೆ.

ಬಾಗಿಲು ಪೂರ್ತಿ ಕೂರದೆ ಮೊದಲ ಕಟಕ್ಕಿಗೇ ನಿಂತುಬಿಡುತ್ತದೆ. ಓಡುವ ಗಾಡಿಯಲ್ಲಿ ಅರ್ಧ ಲಾಕಾದ ಬಾಗಿಲು ಎಂದರೆ ಏನು ಅಂತ ಹೇಳಬೇಕಿಲ್ಲ. ಗ್ಯಾರೇಜಿನಲ್ಲಿ ಇದಕ್ಕೆ ಪರಿಹಾರ ಸಿದ್ಧವಿರುತ್ತದೆ: ಸ್ಟ್ರೈಕರ್, ಅಂದರೆ ಬಾಗಿಲಿನ ಲಾಕ್ ಕಚ್ಚಿಕೊಳ್ಳುವ ಚೌಕಟ್ಟಿನ ಕೊಂಡಿ, ಸಡಿಲಿಸಿ ಹೊರಗೆ ಸರಿಸುವುದು. ಬಾಗಿಲು ಬೀಳುತ್ತದೆ, ಸರಿ. ಆದರೆ ಪಕ್ಕದ ತಗಡಿಗಿಂತ ಉಬ್ಬಿ ನಿಲ್ಲುತ್ತದೆ. ಗಾಜಿನ ಸುತ್ತಲಿನ ಚೌಕಟ್ಟು ಬಾಗಿಲಿನಲ್ಲಿ ಎಲ್ಲಕ್ಕಿಂತ ಬಡಕಲು ಭಾಗ. ಕೆಳಗಿನ ರಬ್ಬರ್ ತಳ್ಳಿದ್ದಕ್ಕೆ ಅದರ ಮೇಲಿನ ಹಿಂಬದಿ ಮೂಲೆ ಹೊರಗೆ ಬಾಗುತ್ತದೆ. 60ರ ವೇಗದಲ್ಲಿ ಅಲ್ಲಿಂದಲೇ ಸಿಳ್ಳು ಕೇಳುವುದು, ಅಲ್ಲಿಂದಲೇ ಧೂಳು ಬರುವುದು. ಧೂಳು ನಿಲ್ಲಿಸಲು ಹಾಕಿದ ರಬ್ಬರೇ ಧೂಳಿಗೆ ಬಾಗಿಲು ತೆರೆದಂತಾಯಿತು. ಅದನ್ನು ಕಂಡು "ಇನ್ನೂ ದಪ್ಪಂದು ಕೊಡ್ರಿ" ಅಂತ ಮತ್ತೆ ಅಂಗಡಿಗೆ ಹೋಗುವವರೂ ಇದ್ದಾರೆ.

ಹಾಗಾದರೆ ಎಷ್ಟು ದಪ್ಪ? ಅಂಗಡಿಯವರನ್ನು ಕೇಳಬೇಡಿ, ನಿಮ್ಮ ಗಾಡಿಯನ್ನೇ ಕೇಳಿ. ಅಡುಗೆಮನೆಯಿಂದ ಒಂದು ಮುಷ್ಟಿ ನಾದಿದ ಗೋಧಿ ಹಿಟ್ಟು ತನ್ನಿ. ಜೋಳದ ಹಿಟ್ಟು ಆಗದು, ಒತ್ತಿದರೆ ಬಿರಿಯುತ್ತದೆ. ದೊಡ್ಡ ಗೋಲಿಯಷ್ಟು ಉಂಡೆ ಮಾಡಿ, ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಹಳೆ ರಬ್ಬರ್ ಕಿತ್ತ ಜಾಗದಲ್ಲಿ ಸುತ್ತಲೂ ಎಂಟು ಕಡೆ ಅಂಟಿಸಿ. ಬಾಗಿಲನ್ನು ಎರಡನೇ ಕಟಕ್ ಕೇಳುವ ತನಕ ಮೆಲ್ಲಗೆ ಒತ್ತಿ ಹಾಕಿ, ತೆರೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ಸಂದು. ವರ್ನಿಯರ್ ಇಲ್ಲದಿದ್ದರೆ ಬ್ಲೇಡಿನಿಂದ ಸೀಳಿ ಶಾಲೆಯ ಪಟ್ಟಿ ಹಿಡಿದು ಅಳೆಯಿರಿ. ಸರಾಸರಿಯ ಒಂದೂವರೆ ಪಟ್ಟು ನಿಮಗೆ ಬೇಕಾದ ಕೊಳವೆ.

ಹಿಂಜಿನ ಬದಿ 6, ಲಾಕಿನ ಬದಿ 9, ಮೇಲಿನ ಮೂಲೆಯಲ್ಲಿ 11 ಬಂತು ಅಂದುಕೊಳ್ಳಿ. 12ರ ಕೊಳವೆ 6ರಲ್ಲಿ ಅರ್ಧ ಅಮುಕುತ್ತದೆ, 9ರಲ್ಲಿ ಕಾಲು ಭಾಗ, 11ರಲ್ಲಿ ಬರೀ ತಾಗಿ ನಿಲ್ಲುತ್ತದೆ. ಆ ಮೂಲೆಗಾಗಿ ಇಡೀ ಬಾಗಿಲಿಗೆ 18 ಹಾಕುವುದು ದಡ್ಡತನ. ಎಲ್ಲಕ್ಕಿಂತ ಕಡಿಮೆ ಅಳತೆಗೂ ಎಲ್ಲಕ್ಕಿಂತ ಹೆಚ್ಚಿನ ಅಳತೆಗೂ 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಪ್ಪು ಬಾಗಿಲಿನದು, ರಬ್ಬರಿನದಲ್ಲ. ಬಾಗಿಲು ಅರ್ಧ ತೆರೆದು ಲಾಕಿನ ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಲಟಲಟ ಎಂದರೆ ಹಿಂಜಿನ ಪಿನ್ನು ಸವೆದಿದೆ. ಮೊದಲು ಹಿಂಜ್, ನಂತರ ಸ್ಟ್ರೈಕರ್, ಕೊನೆಗೆ ರಬ್ಬರ್. ಈ ಕ್ರಮ ತಪ್ಪಿಸಿದವರೇ ಎರಡು ಸಲ ದುಡ್ಡು ಕೊಡುವುದು.

ಅಂಗಡಿಗೆ ಹೋಗುವಾಗ ಹಳೆಯದರಿಂದ ಎರಡು ಇಂಚು ತುಂಡು, ಎಲ್ಲಿ ಹೆಚ್ಚು ಹಾಳಾಗಿಲ್ಲವೋ ಅಲ್ಲಿಂದ, ಕತ್ತರಿಸಿಕೊಂಡು ಹೋಗಿ. "ಅಂಬಾಸಿಡರ್ ರಬ್ಬರ್ ಕೊಡ್ರಿ" ಎಂದರೆ ಸಾಲದು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಗಾಡಿ ಅದು. ಚಹರೆ ಒಂದೇ ಥರ ಕಂಡರೂ ಒಳಗಿನ ಸಾಮಾನು ಒಂದೇ ಅಲ್ಲ. ಚೌಕಟ್ಟಿನ ತಗಡಿನ ಅಂಚಿಗೆ ಕಚ್ಚಿಕೊಳ್ಳುವ, ಒಳಗೆ ಲೋಹದ ಪಟ್ಟಿ ಇರುವ ಬೀಡಿಂಗ್ ಬೇರೆ. ಗಮ್ ಹಚ್ಚಿ ಅಂಟಿಸುವುದು ಬೇರೆ. ಇಪಿಡಿಎಂ ಎಂಬ ಕೃತಕ ರಬ್ಬರ್ ಸಿಕ್ಕರೆ ಅದನ್ನೇ ಕೊಳ್ಳಿ, ನಮ್ಮ ಮೇ ತಿಂಗಳ ಬಿಸಿಲಿಗೆ ಮಾಮೂಲಿ ರಬ್ಬರಿಗಿಂತ ಬಹಳ ಹೆಚ್ಚು ತಡೆಯುತ್ತದೆ.

ಉದ್ದ: ಒಂದು ಬಾಗಿಲಿಗೆ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಮೀಟರ್. ಸುತಳಿ ಹಿಡಿದು ಸುತ್ತ ಅಳೆದು ಬಾಗಿಲಿಗೆ 5 ಸೆಂ.ಮೀ. ಹೆಚ್ಚು ತನ್ನಿ.

ಹಳೆ ಗಮ್ಮನ್ನು ಟರ್ಪಂಟೈನ್ ಹಚ್ಚಿದ ಬಟ್ಟೆಯಿಂದ ನೆನೆಸಿ, ಪ್ಲಾಸ್ಟಿಕ್ ಚಕ್ಕೆಯಿಂದ ಕೆರೆಯಿರಿ. ಥಿನ್ನರ್ ಬಳಸಿದರೆ ಗಮ್ಮಿನ ಜೊತೆ ಪೇಂಟೂ ಎದ್ದು ಬರುತ್ತದೆ. ಸೋಪಿನ ನೀರಿನಿಂದ ತೊಳೆದು ಒಣಗಿಸಿ. ತುಕ್ಕು ಕಂಡರೆ ಅಲ್ಲೇ ನಿಲ್ಲಿ: 80ರ ಪಾಲಿಶ್ ಕಾಗದ, ಆಮೇಲೆ 180, ರೆಡ್ ಆಕ್ಸೈಡ್, ಬಣ್ಣ, ಎರಡು ದಿನ ಒಣಗಲು ಬಿಡುವುದು. ತುಕ್ಕಿನ ಮೇಲೆ ಅಂಟಿಸಿದ ರಬ್ಬರ್ ತುಕ್ಕಿನ ಸಮೇತ ಕೈಗೆ ಬರುತ್ತದೆ. ಕಚ್ಚುವ ಬೀಡಿಂಗ್ ಆದರೆ ತಗಡಿನ ಅಂಚು ಸೊಟ್ಟಗಿರುವಲ್ಲಿ ಇಕ್ಕಳದಿಂದ ನೇರ ಮಾಡಿ.

ಗಮ್ ಎಂದರೆ ಹಳದಿ ಬಣ್ಣದ ರಬ್ಬರ್ ಗಮ್, ಮರಕ್ಕೆ ಹಚ್ಚುವ ಬಿಳಿಯದ್ದಲ್ಲ. ಹೊಸ ರಬ್ಬರಿನ ಮೇಲೆ ಪುಡಿಯೋ ಜಿಡ್ಡೋ ಇರುತ್ತದೆ. ಸ್ಪಿರಿಟ್ಟಿನಿಂದ ಒರೆಸದಿದ್ದರೆ ಯಾವ ಗಮ್ಮೂ ಹಿಡಿಯದು. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳು ಮುಟ್ಟಿಸಿದರೆ ಅಂಟದಷ್ಟು ಆರುವ ತನಕ ಕಾಯಿರಿ. ಚಳಿಗಾಲದಲ್ಲಿ ಹದಿನೈದು ನಿಮಿಷ, ಬೇಸಿಗೆಯಲ್ಲಿ ಐದಾರು ನಿಮಿಷ ಸಾಕು. ಒಮ್ಮೆ ಕೂಡಿಸಿದರೆ ಸರಿಸಲು ಬರುವುದಿಲ್ಲ, ಆದ್ದರಿಂದ ಒಂದು ಗೇಣು, ಒಂದು ಗೇಣು ಅಂತ ಮುಂದುವರಿಯಿರಿ.

ಹೊಸ್ತಿಲಿನ ನಡುವೆ ಶುರು ಮಾಡಿ ಅಲ್ಲೇ ಮುಗಿಸಿ. ಎಳೆಯಬೇಡಿ. ಎಳೆದು ಹಾಕಿದ ರಬ್ಬರ್ ತಿಂಗಳೊಳಗೆ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಮೂಲೆಗಳಲ್ಲಿ ತುಸು ಒತ್ತೊತ್ತಾಗಿ ಕೂಡಿಸಿ. ಅಲ್ಲಿ ಎಳೆದರೆ ಕೊಳವೆ ಚಪ್ಪಟೆಯಾಗಿ ಸಂದು ಉಳಿಯುತ್ತದೆ. ಕೊನೆಗೆ 5 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಎರಡು ತುದಿ ಒಂದಕ್ಕೊಂದು ಒತ್ತಿ ಸೇರುವಂತೆ ಮಾಡಿ. ಪರೀಕ್ಷೆಗೆ ಪತ್ರಿಕೆಯ ಎರಡು ಬೆರಳಗಲದ ಪಟ್ಟಿ ಸಾಕು. ಅದನ್ನು ಸಂದಿನಲ್ಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಜಾರಿ ಬಂದರೆ ಸರಿ, ಹರಿದರೆ ಹೆಚ್ಚು ಒತ್ತಡ, ಸಲೀಸಾಗಿ ಬಂದರೆ ಅಲ್ಲಿ ಧೂಳಿನ ದಾರಿ.

ಗ್ರೀಸು, ಇಂಜಿನ್ ಆಯಿಲ್ ಹಚ್ಚಬೇಡಿ. ರಬ್ಬರ್ ಉಬ್ಬಿ ಮೆತ್ತಗಾದಂತೆ ಕಾಣುತ್ತದೆ, ಆಮೇಲೆ ಕೊಳೆಯುತ್ತದೆ. ಎರಡು ತಿಂಗಳಿಗೊಮ್ಮೆ ಮೆಡಿಕಲ್ ಅಂಗಡಿಯ ಗ್ಲಿಸರಿನ್ ಸಾಕು, ಅದೂ ಒರೆಸಿ ತೆಗೆಯಬೇಕು.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೆ ಸೆಪ್ಟೆಂಬರ್ ಮಳೆಗೆ ಕೇಳಿಯೇ ಕೇಳುತ್ತಾರೆ: ರಬ್ಬರ್ ಹೊಸದು, ಆದರೂ ಕಾಲಡಿಯ ಮ್ಯಾಟ್ ಯಾಕೆ ಒದ್ದೆ? ಬಾಗಿಲಿನ ಒಳಗೆ ನೀರು ಹೋಗುವುದು ತಪ್ಪಲ್ಲ. ಗಾಜು ಇಳಿಯುವ ಸಂದಿಯಿಂದ ಅದು ಹೋಗಿಯೇ ಹೋಗುತ್ತದೆ, ಬಾಗಿಲಿನ ತಳದ ತೂತುಗಳಿಂದ ಹೊರಗೆ ಬೀಳಬೇಕು, ಅಷ್ಟೇ. ನಮ್ಮ ಎರೆಮಣ್ಣು ಆ ತೂತಿನಲ್ಲಿ ಕೂತರೆ ಸಿಮೆಂಟು. ಅದಕ್ಕಿಂತ ಕೆಟ್ಟದ್ದು, ಹೊಸ ರಬ್ಬರನ್ನು ತೂತಿನ ಮೇಲೆಯೇ ಅಂಟಿಸಿಬಿಡುವುದು. ಆಗ ನೀರು ಬಾಗಿಲಿನೊಳಗೆ ತುಂಬಿ, ಒಳಹಲಗೆಯ ಹಿಂದಿನ ಹರಿದ ಪ್ಲಾಸ್ಟಿಕ್ ದಾಟಿ ಮ್ಯಾಟಿಗೆ ಇಳಿಯುತ್ತದೆ. ಸೈಕಲ್ ಕಡ್ಡಿಯಿಂದ ತೂತು ಬಿಡಿಸಿ. ಪ್ಲಾಸ್ಟಿಕ್ ಹೋಗಿದ್ದರೆ ಗೊಬ್ಬರದ ಚೀಲದ ಒಳಪದರವನ್ನು ಚೆನ್ನಾಗಿ ತೊಳೆದು, ಅಳತೆಗೆ ಕತ್ತರಿಸಿ ಅಂಟಿಸಿ. ಅದರ ಕೆಳ ಅಂಚು ಬಾಗಿಲಿನ ಟೊಳ್ಳಿನ ಒಳಕ್ಕೆ ಮಡಚಿರಬೇಕು, ಹೊರಗೆ ಇಳಿಬಿದ್ದಿರಬಾರದು. ಆಮೇಲೆ ಗಾಜಿನ ಸಂದಿಗೆ ಒಂದು ಚರಿಗೆ ನೀರು ಸುರಿದು ಕೂತು ನೋಡಿ. ನಿಮಿಷದೊಳಗೆ ನೀರು ಕೆಳಗೆ ಬೀಳದಿದ್ದರೆ ಕಡ್ಡಿ ಇನ್ನೊಂದು ತೂತಿಗೆ ಹಾಕಿ.