ಶಾರ್ಟ್ಸ್‌ಹೋಫ್‌ಬರ್ಗ್‌ನ ಕಸಿಯಿಲ್ಲದ ಬಳ್ಳಿಗಳು

ಜರ್ಮನಿಯ ಸಾರ್ ಕಣಿವೆಯ ವಿಲ್ಟಿಂಗನ್ ಊರಿನ ಬಳಿ ಶಾರ್ಟ್ಸ್‌ಹೋಫ್‌ಬರ್ಗ್ ಎಂಬ ಕಡಿದಾದ ಗುಡ್ಡವಿದೆ. ಸುಮಾರು 28 ಹೆಕ್ಟೇರ್ ದ್ರಾಕ್ಷಿ, ಅದರಲ್ಲಿ 8 ಹೆಕ್ಟೇರಿಗೂ ತುಸು ಹೆಚ್ಚು ವೈನ್ ತಯಾರಿಸುವ ಎಗೋನ್ ಮುಲ್ಲರ್ ಮನೆತನದ್ದು. ಮಠದ ಆಸ್ತಿಯಾಗಿದ್ದ ಈ ಎಸ್ಟೇಟನ್ನು ಫ್ರೆಂಚ್ ಗಣರಾಜ್ಯ ವಶಪಡಿಸಿಕೊಂಡು ಮಾರಿದಾಗ, 1797ರಲ್ಲಿ, ಈ ಮನೆತನದ ಪೂರ್ವಜರು ಕೊಂಡರು. ಮುಂದೆ ಮಕ್ಕಳಲ್ಲಿ ಪಾಲಾಗಿ ಒಂದು ಭಾಗ ಟ್ರಿಯರ್ ಕೆಥೆಡ್ರಲ್‌ಗೆ ಸೇರಿತು.

ಇಲ್ಲಿಯ ನಿಜವಾದ ಆಸ್ತಿ, ಬೇರನ್ನು ಹಾಳುಮಾಡುವ ಫಿಲಾಕ್ಸೆರಾ ಕೀಟ ಬರುವ ಮೊದಲೇ ಸ್ವಂತ ಬೇರಿನ ಮೇಲೆ ನೆಟ್ಟ ರೀಸ್ಲಿಂಗ್ ಎಂಬ ವೈನ್ ದ್ರಾಕ್ಷಿಯ ಬಳ್ಳಿಗಳು. ವಿಜಯಪುರದಲ್ಲಿ ದ್ರಾಕ್ಷಿಯನ್ನು ಡಾಗ್‌ರಿಡ್ಜ್ ಎಂಬ ಬೇರೆ ತಳಿಯ ಬೇರಿಗೆ ಕಸಿ ಮಾಡುವುದು ಬರ, ಉಪ್ಪುನೀರು ತಾಳಲೆಂದು. ಯುರೋಪಿನಲ್ಲಿ ಕಸಿ ಬಂದದ್ದು ಈ ಕೀಟದ ಕಾಟಕ್ಕೆ. ಬೇರಿಂದ ಬೇರಿಗೆ ದಾಟಲು ಅದಕ್ಕೆ ಜೇಡಿಮಣ್ಣಿನ ಬಿರುಕು ಅನುಕೂಲ. ಸ್ಲೇಟು ಕಲ್ಲಿನ ಪುಡಿಯಲ್ಲಿ ಓಡಾಟ ಕಷ್ಟ, ಆದರೆ ಪೂರ್ತಿ ರಕ್ಷಣೆಯೇನೂ ಇಲ್ಲ.

ಇಂಥ ತೋಟದಲ್ಲಿ ಒಂದು ಬಳ್ಳಿ ಸತ್ತರೆ ಪಕ್ಕದ ಬಳ್ಳಿಯ ಉದ್ದನೆಯ ಕಡ್ಡಿಯನ್ನೇ ಬಾಗಿಸಿ, ಸುಮಾರು ಒಂದಡಿ ಆಳದಲ್ಲಿ ಹೂಳಿ, ತುದಿಯ ಎರಡು ಕಣ್ಣು ಮೇಲೆ ಬಿಡಬಹುದು. ಬೇರು ಬಲಿಯುವವರೆಗೆ, ಎರಡು ಮೂರು ವರ್ಷ, ತಾಯಿಬಳ್ಳಿಯಿಂದ ಬೇರ್ಪಡಿಸಬಾರದು. ಅವಸರಪಟ್ಟರೆ ಬೇಸಿಗೆಯಲ್ಲೇ ಒಣಗುತ್ತದೆ. ಕಸಿ ಬಳ್ಳಿಗೆ ಈ ಉಪಾಯ ಬೇಡ. ಹೂತ ಕಡ್ಡಿಯಿಂದ ಬರುವುದು ಮೇಲಿನ ತಳಿಯ ಬೇರು, ಕೀಟ ಅದನ್ನು ತಿನ್ನುತ್ತದೆ.

ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಆದರೆ ಅಲ್ಲಿ ಚಳಿಗಾಲದಲ್ಲಿ ಒಂದೇ. ಹಳೆಯ ಪದ್ಧತಿಯಲ್ಲಿ ತಂತಿಯಿಲ್ಲ, ಬಳ್ಳಿಗೊಂದು ಗೂಟ. ಉದ್ದಕ್ಕೂ ಅಗಲಕ್ಕೂ ಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ 10,000 ಬಳ್ಳಿ. ಉಳಿಸಿಕೊಂಡ ಎರಡು ಕಡ್ಡಿಗಳನ್ನು ಎಡಬಲಕ್ಕೆ ಬಗ್ಗಿಸಿ, ತುದಿಯನ್ನು ಕೆಳಗೆ ತಂದು ಕಟ್ಟುತ್ತಾರೆ. ನೇರ ಬಿಟ್ಟರೆ ತುದಿಯ ಕಣ್ಣು ಮಾತ್ರ ಜೋರಾಗಿ ಚಿಗುರಿ ಕೆಳಗಿನವು ಕುರುಡಾಗುತ್ತವೆ. ತೇವವಿರುವ ದಿನವೇ ಬಗ್ಗಿಸಬೇಕು, ಒಣಗಾಳಿಯಲ್ಲಿ ಕಡ್ಡಿ ಮುರಿಯುತ್ತದೆ. ಇಳಿಜಾರಿನಲ್ಲಿ ಇದೆಲ್ಲ ಕೈಕೆಲಸವೇ. ಕಿತ್ತು ಹೊಸದಾಗಿ ನೆಟ್ಟರೆ ಇಳುವರಿ ಹೆಚ್ಚುತ್ತದೆ, ಕೂಲಿಯೂ ಉಳಿಯುತ್ತದೆ. ಹಾಗೆ ಮಾಡದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಕೊಯ್ಲಿನಲ್ಲಿದೆ. ಹುರುಪು ತಗ್ಗಿದ ಹಳೆಯ ಬಳ್ಳಿಯ ಹಣ್ಣು ಚಿಕ್ಕದು, ಗೊಂಚಲು ಸಡಿಲ. ಮಳೆ ನಿಂತ ಮೇಲೆ ಬೇಗ ಆರುತ್ತದೆ. ಹಣ್ಣು ಪಕ್ವವಾದ ಮೇಲೆ ಬೊಟ್ರೈಟಿಸ್ ಶಿಲೀಂಧ್ರ ತಗುಲಿ, ಒಣಹವೆ ಸಿಕ್ಕರೆ ನೀರಿಂಗಿ ಸಕ್ಕರೆ ಸಾಂದ್ರವಾಗುತ್ತದೆ. ಕಾಯಿರುವಾಗಲೇ ತಗುಲಿದರೆ, ಅಥವಾ ಮಳೆ ಮುಂದುವರಿದರೆ, ಅದೇ ಶಿಲೀಂಧ್ರ ಬೂದುಕೊಳೆ. ಅತಿ ಸಿಹಿಯಾದ ಟ್ರೊಕನ್‌ಬೇರೆನ್‌ಆಸ್‌ಲೇಸೆ ಎಂಬ ವೈನ್ ದರ್ಜೆಗೆ ರಸ 150 ಓಕ್ಸ್‌ಲೆ ಮುಟ್ಟಬೇಕು, ಅಂದರೆ ಒಂದು ಲೀಟರ್ ರಸ 1,150 ಗ್ರಾಂ ತೂಗಬೇಕು. ಒಣಗಿದ ಹಣ್ಣನ್ನು ಒಂದೊಂದಾಗಿ ಆರಿಸಬೇಕಾದ್ದರಿಂದ ಎಷ್ಟೋ ವರ್ಷ ಈ ವೈನ್ ಆಗುವುದೇ ಇಲ್ಲ.